ಮುಂಗಾಣ್ಕೆಯ ನಾಯಕನೂ ಹಿಂಗಾಣ್ಕೆಯ ಓದುಗನೂ: ‘ದಿ ಡೆಡ್ ಜೋನ್’ ಕಾದಂಬರಿಯ ವಾಚಕಾಭಿಪ್ರಾಯಗಳ ಶಾಸ್ತ್ರೀಯ ವಿವೇಚನೆ

ಪೀಠಿಕೆ

ಅಮೆರಿಕದ ಸ್ಟೀಫನ್ ಕಿಂಗ್ 1979ರಲ್ಲಿ ಪ್ರಕಟಿಸಿದ ‘ದಿ ಡೆಡ್ ಜೋನ್’ ಕಾದಂಬರಿಯ ಗುಣದೋಷಗಳನ್ನು ಈ ಪ್ರಬಂಧ ಚರ್ಚಿಸುವುದಿಲ್ಲ. ಆ ಕೆಲಸಕ್ಕೆ ಕಾದಂಬರಿಯನ್ನು ಓದಿದವರು ಬೇಕಾದಷ್ಟು ಜನರಿದ್ದಾರೆ, ಓದದೆ ಹೇಳುವವರು ಅವರಿಗಿಂತ ಹೆಚ್ಚಿದ್ದಾರೆ. ನಮ್ಮ ಅಧ್ಯಯನದ ವಸ್ತು ಇವರೇ. ಮುಟ್ಟಿದ ಮಾತ್ರಕ್ಕೆ ಮುಂದಾಗುವುದು ಕಾಣುವ ನಾಯಕನೊಬ್ಬನ ಕಥೆಯನ್ನು ಓದಿ ಮುಗಿಸಿದವನು ಪುಸ್ತಕ ಮುಚ್ಚಿ ಮೊದಲು ಆಡುವ ಮಾತು ಯಾವುದು? ‘ನನಗೆ ಮೊದಲೇ ಗೊತ್ತಿತ್ತು’ ಎಂಬುದು. ಕಾದಂಬರಿಯಲ್ಲಿ ತ್ರಿಕಾಲಜ್ಞಾನಿ ಒಬ್ಬನೇ; ಕಾದಂಬರಿಯ ಹೊರಗೆ ಲೆಕ್ಕವಿಲ್ಲದಷ್ಟು. ಒಳಗಿನವನು ಆ ಜ್ಞಾನದಿಂದ ತಲೆನೋವು ಅನುಭವಿಸಿ, ಕೊನೆಗೆ ಗುಂಡೇಟಿಗೆ ಸತ್ತ. ಹೊರಗಿನವರು ಗಟ್ಟಿಮುಟ್ಟಾಗಿದ್ದಾರೆ. ಈ ವೈಷಮ್ಯದ ಕಾರಣವನ್ನು ಹುಡುಕುವುದೇ ಪ್ರಸ್ತುತ ಪ್ರಯತ್ನ.

ಈ ವಿಷಯದಲ್ಲಿ ಕನ್ನಡದಲ್ಲಿ ಇದುವರೆಗೆ ಯಾರೂ ಕೆಲಸ ಮಾಡಿದಂತಿಲ್ಲ. ಯಾಕೆ ಮಾಡಿಲ್ಲ ಎಂದು ಮಾರ್ಗದರ್ಶಕರು ಕೇಳಿದರು. ಆ ಪ್ರಶ್ನೆ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಆಕರಗಳು

ಓಲೆಗರಿ ಸಿಗದ ಕಡೆ ಪೇಪರ್‌ಬ್ಯಾಕಿನಿಂದಲೇ ಗ್ರಂಥಸಂಪಾದನೆ ಸಾಗಬೇಕು. ಎರಡು ಪ್ರತಿಗಳನ್ನು ಇಲ್ಲಿ ಬಳಸಿಕೊಳ್ಳಲಾಗಿದೆ.

ಕ ಪ್ರತಿ: ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆಯ ಹಳೇ ಪುಸ್ತಕದಂಗಡಿಯಲ್ಲಿ ದೊರೆತದ್ದು. ಸಮಗ್ರ. ಹಾಳೆ ಹಳದಿ, ಕಾಫಿಯ ಕಲೆ ಹೇರಳ. ಅಂಚುಗಳಲ್ಲಿ ಪೆನ್ಸಿಲಿನ ಟಿಪ್ಪಣಿ, ಅದರ ಪಕ್ಕದಲ್ಲಿ ನೀಲಿ ಬಾಲ್‌ಪೆನ್ನಿನ ಟಿಪ್ಪಣಿ. ಲಿಪಿಕಾರರು ಇಬ್ಬರೋ, ಒಬ್ಬನೇ ಎರಡು ಸಲ ಓದಿದನೋ ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. (ವಿದ್ವಾಂಸ ಒಬ್ಬನೇ, ಅವನಿಗೇ ಒಮ್ಮತವಿಲ್ಲ.)

ಖ ಪ್ರತಿ: ಸ್ನೇಹಿತರಿಂದ ಎರವಲು ತಂದದ್ದು. ಟಿಪ್ಪಣಿಗಳಿಲ್ಲ. ಆದರೆ ಪುಟಗಳ ಕಿವಿ ಮಡಚಿರುವುದರಿಂದ ಓದುಗ ಎಲ್ಲೆಲ್ಲಿ ನಿದ್ದೆ ಹೋದ ಎಂಬ ಅಮೂಲ್ಯ ಮಾಹಿತಿ ಸಿಗುತ್ತದೆ. ಹಿಂದಿರುಗಿಸಬೇಕೆಂಬ ಒತ್ತಡವಿರುವುದರಿಂದ ಈ ಪ್ರತಿಯ ಅಧ್ಯಯನ ಇನ್ನೂ ಕೆಲವು ವರ್ಷ ಮುಂದುವರಿಯಲಿದೆ.

ಇವಲ್ಲದೆ ಮೌಖಿಕ ಆಕರಗಳುಂಟು. ಮದುವೆ ಮನೆಯ ಪಂಕ್ತಿ, ರಾತ್ರಿ ರೈಲು, ಬ್ಯಾಂಕಿನ ಸರತಿ ಮುಂತಾದ ಕಡೆಗಳಲ್ಲಿ ಅಭಿಪ್ರಾಯಗಳು ಕೇಳದೆಯೇ ದೊರೆಯುತ್ತವೆ.

ಕಥಾಸಾರ ಹಾಗೂ ರಹಸ್ಯಭಂಗವೆಂಬ ದೋಷ

ಮೇನ್ ರಾಜ್ಯದ ಶಾಲಾ ಮೇಷ್ಟ್ರು ಜಾನ್ ಸ್ಮಿತ್, ಅಂದರೆ ಜಾನಿ. ಅಮೆರಿಕದಲ್ಲಿ ಇದಕ್ಕಿಂತ ಸಾಧಾರಣವಾದ ಹೆಸರು ಹುಡುಕಿದರೂ ಸಿಗಲಾರದು. 1970ರ ಅಕ್ಟೋಬರಿನ ಒಂದು ಸಂಜೆ ಸಾರಾ ಎಂಬ ಗೆಳತಿಯನ್ನು ಜಾತ್ರೆಗೆ ಕರೆದೊಯ್ಯುತ್ತಾನೆ. ಅದೃಷ್ಟಚಕ್ರದ ಮುಂದೆ ನಿಂತು ಐನೂರು ಡಾಲರಿಗೂ ಮೀರಿ ಗೆಲ್ಲುತ್ತಾನೆ. ಅದೇ ರಾತ್ರಿ ಮನೆಗೆ ಹೋಗುವಾಗ ಅವನ ಟ್ಯಾಕ್ಸಿಗೆ ಅಪಘಾತವಾಗುತ್ತದೆ. ನಾಲ್ಕೂವರೆ ವರ್ಷ ಕೋಮಾ. ಎಚ್ಚರಾದಾಗ ನಿಕ್ಸನ್ ರಾಜೀನಾಮೆ ಕೊಟ್ಟಾಗಿದೆ, ವಿಯೆಟ್ನಾಂ ಯುದ್ಧ ಮುಗಿದಿದೆ, ಸಾರಾ ಇನ್ನೊಬ್ಬರ ಹೆಂಡತಿಯಾಗಿ ಒಂದು ಮಗುವಿನ ತಾಯಿಯೂ ಆಗಿದ್ದಾಳೆ. ಎಲ್ಲರಿಗೂ ಗೊತ್ತಿರುವ ಹಿಂದಿನದು ಅವನೊಬ್ಬನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದ ಮುಂದಿನದು ಅವನೊಬ್ಬನಿಗೆ ಗೊತ್ತು. ಯಾರನ್ನಾದರೂ ಮುಟ್ಟಿದರೆ ಸಾಕು, ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಮಿದುಳಿನ ಒಂದು ಚೂರು ಸತ್ತಿರುವುದರಿಂದ ಕೆಲವು ವಿವರಗಳು ಮಾತ್ರ ಎಷ್ಟು ಒದ್ದಾಡಿದರೂ ಕಾಣುವುದಿಲ್ಲ. ಕಾದಂಬರಿಯ ಹೆಸರು ಆ ಚೂರಿನದು.

ಮುಂದೆ ಕ್ಯಾಸಲ್ ರಾಕ್ ಎಂಬ ಊರಿನಲ್ಲಿ ಹೆಂಗಸರನ್ನು ಕೊಲ್ಲುತ್ತಿದ್ದವನನ್ನು ಶೆರೀಫನಿಗೆ ಹಿಡಿದುಕೊಡುತ್ತಾನೆ. ಕೊನೆಗೆ ಗ್ರೆಗ್ ಸ್ಟಿಲ್ಸನ್ ಎಂಬ ರಾಜಕಾರಣಿಯ ಕೈಕುಲುಕಿ, ಈತ ಮುಂದೊಂದು ದಿನ ಅಧ್ಯಕ್ಷನಾಗಿ ಅಣುಯುದ್ಧ ತರುತ್ತಾನೆಂದು ಕಾಣುತ್ತಾನೆ. ಬಂದೂಕು ಹಿಡಿದು ಹೋಗುತ್ತಾನೆ. ಗುಂಡು ತಗಲುವುದಿಲ್ಲ. ಆದರೆ ಸ್ಟಿಲ್ಸನ್ ಪ್ರಾಣಭಯದಲ್ಲಿ ಕೈಗೆ ಸಿಕ್ಕ ಮಗುವೊಂದನ್ನು ಎತ್ತಿ ತನಗೆ ಅಡ್ಡ ಹಿಡಿಯುತ್ತಾನೆ, ಯಾರೋ ಅದರ ಫೋಟೋ ತೆಗೆಯುತ್ತಾರೆ. ಅಲ್ಲಿಗೆ ಅವನ ರಾಜಕೀಯ ಮುಗಿಯಿತು, ಜಾನಿಯ ಆಯುಸ್ಸೂ ಮುಗಿಯಿತು.

ಇಷ್ಟನ್ನೂ ಹೇಳಿಬಿಟ್ಟದ್ದಕ್ಕೆ ಪ್ರಬಂಧಕಾರನ ಮೇಲೆ ರಹಸ್ಯಭಂಗದ ಆರೋಪ ಬರಬಹುದು. ನಮ್ಮ ಆಲಂಕಾರಿಕರು ಕಾವ್ಯದೋಷಗಳನ್ನು ಪಟ್ಟಿ ಮಾಡಲು ಕುಳಿತಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ‘ಗದಾಯುದ್ಧ’ವನ್ನು ಕೈಗೆತ್ತಿಕೊಂಡವನಿಗೆ ದುರ್ಯೋಧನನ ತೊಡೆ ಮುರಿಯುತ್ತದೆಂಬುದು ಮೊದಲ ಪದ್ಯಕ್ಕೂ ಮೊದಲೇ ಗೊತ್ತು. ಆದರೂ ‘ಅಂತ್ಯವನ್ನು ಸುಲಭವಾಗಿ ಊಹಿಸಬಹುದು’ ಎಂದು ಯಾರೂ ರನ್ನನ ಮೇಲೆ ದೂರು ಹೇಳಿದ್ದಿಲ್ಲ.

ರಹಸ್ಯಭಂಜಕರಲ್ಲಿ ಪೂರ್ತಿ ಹೇಳುವವನು ಕ್ಷಮಾರ್ಹ. ಅರ್ಧ ಹೇಳುವವನದೇ ಘೋರ ಪಾತಕ. ‘ಎಲ್ಲಿವರೆಗೆ ಓದಿದ್ದೀರಿ? ಓ, ಹಾಗಾದರೆ ಆ ಮಗು ಇನ್ನೂ ಬಂದಿಲ್ಲ’ ಎಂದು ನಕ್ಕು ಅವನು ತನ್ನ ಸ್ಟೇಷನ್ನಿನಲ್ಲಿ ಇಳಿದುಹೋಗುತ್ತಾನೆ. ಯಾವ ಮಗು? ಏನಾಗುತ್ತದೆ? ಕೇಳಿಸಿಕೊಂಡವನ ಸ್ಥಿತಿ ಆಗ ಥೇಟ್ ಜಾನ್ ಸ್ಮಿತ್‌ನದು: ಮುಂದೇನೋ ಇದೆ ಎಂದು ಗೊತ್ತು, ಮುಖ್ಯ ವಿವರ ಮಾತ್ರ ಸತ್ತ ಚೂರಿನಲ್ಲಿ ಹೂತಿದೆ. ಮಿಕ್ಕ ಪುಟಗಳಲ್ಲಿ ಬರುವ ಪ್ರತಿ ಮಗುವನ್ನೂ ಅವನು ಅನುಮಾನದಿಂದ ನೋಡಬೇಕು. ಸಾರಾಳ ಮಗ ಅಂಗಳದಲ್ಲಿ ಆಡಲು ಬಂದರೆ ಇವನ ಎದೆ ಡವಡವ ಎನ್ನುತ್ತದೆ. ಇಡೀ ಕಾದಂಬರಿಯನ್ನು ಲೇಖಕರು ಕನಸಿನಲ್ಲೂ ಎಣಿಸದ ಭಯದಲ್ಲಿ ಓದಿ ಮುಗಿಸಿದರೆ, ಕೊನೆಗೆ ಬರುವುದು ಬೇರೆ ಯಾರದೋ ಮಗು! ಆದರೆ 1983ರಲ್ಲಿ ಡೇವಿಡ್ ಕ್ರೋನೆನ್‌ಬರ್ಗ್ ಇದನ್ನು ಸಿನಿಮಾ ಮಾಡಿದಾಗ ಆ ಮಗುವನ್ನು ಸಾರಾಳದ್ದೇ ಮಾಡಿದರು. 1979ರಲ್ಲಿ ತಪ್ಪಾಗಿ ಊಹಿಸಿದ್ದವರೆಲ್ಲ ನಾಲ್ಕು ವರ್ಷದ ಮೇಲೆ ಸರಿಯಾಗಿ ಊಹಿಸಿದವರಾದರು. ಮುಂಗಾಣ್ಕೆಗೆ ಇಷ್ಟು ತಾಳ್ಮೆ ಬೇಕಾಗುತ್ತದೆ.

ಪೂರ್ವಜ್ಞರ ಪ್ರಕರಣ

ಈಗ ಪ್ರಬಂಧದ ಮುಖ್ಯ ಭಾಗಕ್ಕೆ ಬರೋಣ. ‘ಕೊಲೆಗಾರ ಯಾರೆಂದು ನನಗೆ ಮೊದಲೇ ಗೊತ್ತಿತ್ತು’ ಎನ್ನುವ ಓದುಗನನ್ನು ಇಲ್ಲಿ ಪೂರ್ವಜ್ಞ ಎಂದು ಕರೆಯಲಾಗಿದೆ. ಕ್ಯಾಸಲ್ ರಾಕ್‌ನ ಹಂತಕ ಫ್ರ್ಯಾಂಕ್ ಡಾಡ್ ಆ ಊರಿನ ಪೊಲೀಸರಲ್ಲೇ ಒಬ್ಬ, ಶೆರೀಫ್ ಬ್ಯಾನರ್‌ಮನ್‌ನ ಕೈಕೆಳಗಿನವನು. ಈ ಸಂಗತಿ ಪೂರ್ವಜ್ಞನಿಗೆ ಆ ಪಾತ್ರ ಬಾಗಿಲು ದಾಟಿದ ಕ್ಷಣವೇ ತಿಳಿಯಿತಂತೆ.

ಕ ಪ್ರತಿಯ ಸಾಕ್ಷ್ಯ ಬೇರೆಯೇ ಹೇಳುತ್ತದೆ. ಶೆರೀಫ್ ಮೊದಲ ಸಲ ಬಂದ ಪುಟದಲ್ಲಿ ಪೆನ್ಸಿಲಿನಲ್ಲಿ ‘ಇವನೇ’ ಎಂದಿದೆ. ಜಾನಿಯ ಬೆನ್ನು ಹತ್ತುವ ಪತ್ರಕರ್ತನ ಪಕ್ಕದಲ್ಲಿಯೂ ‘ಇವನೇ’. ಜಾನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ವೈಜಾಕ್ ಎದುರು ‘ಒಳ್ಳೆಯವನ ಹಾಗೆ ಕಾಣುತ್ತಾನೆ, ಹಾಗಾಗಿ ಇವನೇ’ ಎಂಬ ತರ್ಕಬದ್ಧ ಟಿಪ್ಪಣಿ. ಜಾನಿಯ ತಾಯಿ ವೀರಾ, ಪಾಪ, ದೇವರು ಮತ್ತು ಹಾರುವ ತಟ್ಟೆ ಎರಡನ್ನೂ ನಂಬಿದ ಹೆಂಗಸು; ಅವಳ ಹೆಸರಿನ ಮುಂದೆಯೂ ಒಂದು ಪ್ರಶ್ನಾರ್ಥಕ ಚಿಹ್ನೆ. ಫ್ರ್ಯಾಂಕ್ ಡಾಡ್ ಪ್ರವೇಶಿಸುವ ಪುಟದಲ್ಲಿ ಪೆನ್ಸಿಲ್ ಮೌನ. ಅಲ್ಲಿರುವುದು ನೀಲಿ ಬಾಲ್‌ಪೆನ್ನು ಮಾತ್ರ: ‘ಆಗಲೇ ಅಂದುಕೊಂಡೆ.’

ಲಿಪಿಶಾಸ್ತ್ರದ ದೃಷ್ಟಿಯಿಂದ ಪೆನ್ಸಿಲ್ ಪಾಠ ಪ್ರಾಚೀನ, ನೀಲಿ ಪಾಠ ಪ್ರಕ್ಷಿಪ್ತ. ನೀಲಿಯು ಕೆಲವೆಡೆ ಪೆನ್ಸಿಲಿನ ‘ಇವನೇ’ಗಳನ್ನು ರಬ್ಬರಿನಿಂದ ಅಳಿಸಲು ನೋಡಿ ಹಾಳೆಯನ್ನೇ ಹರಿದಿದೆ. ಈ ಹರಕುಗಳು ನಮ್ಮ ಕ್ಷೇತ್ರದ ಅತ್ಯಂತ ವಿಶ್ವಾಸಾರ್ಹ ದಾಖಲೆಗಳು.

ಪೂರ್ವಪಕ್ಷ: ನಿಜಕ್ಕೂ ಮೊದಲೇ ಊಹಿಸಿದವರು ಯಾರೂ ಇರಲಾರರೇ? ಸಮಾಧಾನ: ಇರಬಹುದು, ಆದರೆ ಪರೀಕ್ಷೆಯಾಗಬೇಕು. ಕಾದಂಬರಿಯಲ್ಲಿ ಜಾನಿ ‘ನಿಮ್ಮ ತಾಯಿ ಸತ್ತಿಲ್ಲ, ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿದ್ದಾರೆ’ ಎಂದಾಗ ವೈಜಾಕ್ ಸುಮ್ಮನೆ ನಂಬಲಿಲ್ಲ, ಫೋನ್ ಮಾಡಿ ಪರೀಕ್ಷಿಸಿದರು. ಆ ಕಡೆಯಿಂದ ದನಿ ಬಂತು. ನಮ್ಮ ಪೂರ್ವಜ್ಞನಿಗೆ ಯಾರೂ ಫೋನ್ ಮಾಡುವುದಿಲ್ಲ. ಅರ್ಧ ಪುಸ್ತಕ ಓದಿದಾಗಲೇ ತಡೆದು ಕೇಳಿದರೆ ‘ಇರಿ, ಇನ್ನೂ ಓದುತ್ತಿದ್ದೇನೆ’ ಎನ್ನುತ್ತಾನೆ. ಜ್ಞಾನ ಕೊನೆಯ ಪುಟದ ನಂತರ ಉದಯಿಸಿ, ಅಲ್ಲಿಂದ ಹಿಂದಕ್ಕೆ ಹರಿದು, ಮೊದಲ ಪುಟದಲ್ಲಿ ನೆಲೆಸುತ್ತದೆ.

ರನ್ನ ಇಡೀ ಭಾರತವನ್ನು ಸಿಂಹಾವಲೋಕನ ಕ್ರಮದಲ್ಲಿ ನೋಡಿದನೆಂದು ವಿದ್ಯಾರ್ಥಿಗಳಿಗೆ ನಾವು ಪಾಠ ಹೇಳುತ್ತೇವೆ. ಹಿಂತಿರುಗಿ ನೋಡುವುದು ಸಿಂಹದ ಲಕ್ಷಣ. ಹಿಂತಿರುಗಿ ನೋಡುತ್ತಾ ‘ನಾನು ಮುಂದಕ್ಕೇ ನೋಡುತ್ತಿದ್ದೆ’ ಎನ್ನುವುದು ಯಾವ ಪ್ರಾಣಿಯ ಲಕ್ಷಣವೆಂದು ನಿಘಂಟುಗಳಲ್ಲಿ ಸಿಗಲಿಲ್ಲ.

ಮಂದಗತಿವಾದಿಗಳು

‘ಬಹಳ ನಿಧಾನ’ ಎನ್ನುವವರು. ಖ ಪ್ರತಿಯ ಮಡಚಿದ ಕಿವಿಗಳು ಇವರ ಪರವಾಗಿವೆ. ಕೋಮಾ ಒಂದು ಕಥೆ, ಕೊಲೆಗಾರ ಇನ್ನೊಂದು, ರಾಜಕಾರಣಿ ಮತ್ತೊಂದು, ಮೂರನ್ನೂ ಒಂದೇ ರಟ್ಟಿನಲ್ಲಿ ಹೊಲಿದಿದ್ದಾರೆ ಎಂಬುದು ಇವರ ಆಕ್ಷೇಪ. 2002ರಿಂದ 2007ರವರೆಗೆ ಇದೇ ಕಾದಂಬರಿಯ ಎಳೆ ಹಿಡಿದು ಟೀವಿ ಧಾರಾವಾಹಿ ನಡೆದಿರುವುದರಿಂದ, ಇನ್ನೂ ನಿಧಾನವಾಗಿ ಹೇಳಲು ಸಾಧ್ಯವಿತ್ತೆಂಬುದು ಸಿದ್ಧವಾಗಿದೆ. ಇವರದೇ ಒಂದು ಉಪಶಾಖೆ ‘ಕಿಂಗ್ ಪುಸ್ತಕವೆಂದು ತಂದರೆ ಇದರಲ್ಲಿ ದೆವ್ವವೇ ಇಲ್ಲ, ಬರೀ ರಾಜಕಾರಣಿ ಇದ್ದಾನೆ’ ಎಂದು ಕೊರಗುತ್ತದೆ. ಈ ಶಾಖೆಯವರು ಮತ ಹಾಕಲು ಹೋಗುವುದಿಲ್ಲವೆಂದು ತೋರುತ್ತದೆ.

ಕಾದಂಬರಿಯ ಒಳಗೇ ಇರುವ ಓದುಗಿ

ಇದು ಪ್ರಬಂಧಕಾರನ ಸ್ವಂತ ಶೋಧ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳಲು ಅಪ್ಪಣೆಯಾಗಬೇಕು.

ಜಾನಿ ಚಕ್ ಎಂಬ ಹುಡುಗನಿಗೆ ಓದು ಕಲಿಸುತ್ತಿದ್ದ. ಆ ಹುಡುಗ ಶಾಲೆ ಮುಗಿಸಿದ ಸಂಭ್ರಮದ ದಿನ, ಮಕ್ಕಳೆಲ್ಲ ರಾತ್ರಿ ಪಾರ್ಟಿಗೆ ಹೊರಟಿರುವ ಹೋಟೆಲಿಗೆ ಸಿಡಿಲು ಬಡಿದು ಬೆಂಕಿ ಬೀಳುತ್ತದೆಂದು ಜಾನಿಗೆ ಕಾಣುತ್ತದೆ. ಹೋಗಬೇಡಿ ಎಂದು ಗೋಗರೆಯುತ್ತಾನೆ. ಕೆಲವರು ಉಳಿಯುತ್ತಾರೆ, ಮಿಕ್ಕವರು ನಕ್ಕು ಹೋಗುತ್ತಾರೆ. ಸಿಡಿಲು ಬಡಿಯುತ್ತದೆ. ಉಳಿದುಕೊಂಡು ಬದುಕಿದವರಲ್ಲೇ ಒಬ್ಬಳು ಜಾನಿಯತ್ತ ಬೆರಳು ಮಾಡಿ, ಇವನೇ ಮನಸ್ಸಿನಿಂದ ಬೆಂಕಿ ಹಚ್ಚಿದ, ಆ ‘ಕ್ಯಾರಿ’ ಪುಸ್ತಕದಲ್ಲಿದ್ದ ಹಾಗೆ, ಎಂದು ಕಿರುಚುತ್ತಾಳೆ. ‘ಕ್ಯಾರಿ’ 1974ರಲ್ಲಿ ಬಂದ ಕಿಂಗ್ ಅವರದೇ ಮೊದಲ ಕಾದಂಬರಿ.

ಇದರ ಮಹತ್ವವನ್ನು ಎಷ್ಟು ಹೇಳಿದರೂ ಸಾಲದು. ಇಲ್ಲಿ ಲೇಖಕನ ಒಂದು ಪುಸ್ತಕವನ್ನು ಓದಿದವಳು ಅವನ ಇನ್ನೊಂದು ಪುಸ್ತಕದೊಳಗೆ ನಿಂತು ನಾಯಕನ ಮುಖಕ್ಕೇ ವಿಮರ್ಶೆ ಹೇಳುತ್ತಿದ್ದಾಳೆ. ಅದೂ ತಪ್ಪು ವಿಮರ್ಶೆ! ಎರಡು ಕೃತಿಗಳನ್ನು ಕಲಸಿ, ಕಂಡದ್ದನ್ನು ಹೇಳಿದವನನ್ನೇ ಮಾಡಿದವನೆಂದು ತೀರ್ಪು ಕೊಟ್ಟಿದ್ದಾಳೆ. ನಮ್ಮ ಕಡೆ ಇಂಥ ನಾಯಕನಿಗೆ ಕರಿನಾಲಿಗೆಯವನು ಎಂದು ಹೆಸರಿಟ್ಟು, ಶುಭಕಾರ್ಯದ ದಿನ ಬಾಯಿ ತೆರೆಯದಂತೆ ಹಿಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಆಕೆಯೂ ಅದನ್ನೇ ಹೇಳಿದಳು, ಇಂಗ್ಲಿಷಿನಲ್ಲಿ. ಓದುಗರು ತನ್ನ ಬಗ್ಗೆ ಏನು ಹೇಳಬಲ್ಲರೆಂಬ ಮುಂಗಾಣ್ಕೆ ಕಿಂಗ್ ಅವರಿಗೆ ಇತ್ತೆಂಬುದಕ್ಕೆ ಇದಕ್ಕಿಂತ ಪ್ರಬಲ ಪ್ರಮಾಣ ಬೇಡ.

ಹಿಟ್ಲರ್ ಪ್ರಶ್ನೆ: ಕ್ಷೇತ್ರಕಾರ್ಯ

ನಮ್ಮ ಶಾಸ್ತ್ರದ ಆದ್ಯ ಪ್ರವರ್ತಕ ಸ್ವತಃ ಜಾನ್ ಸ್ಮಿತ್. ಸ್ಟಿಲ್ಸನ್‌ನನ್ನು ಕೊಲ್ಲಬೇಕೋ ಬೇಡವೋ ಎಂದು ತೋಚದೆ ಆತ ಮಾಡಿದ್ದು ಏನು? ಅಭಿಪ್ರಾಯ ಸಂಗ್ರಹ. ನೀವು 1932ರ ಜರ್ಮನಿಗೆ ಹಿಂದಿರುಗುವಂತಿದ್ದರೆ ಹಿಟ್ಲರನನ್ನು ಕೊಲ್ಲುತ್ತಿದ್ದಿರಾ ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಾನೆ. ಮಾದರಿಯ ಆಯ್ಕೆಯಲ್ಲಿ ಶಿಸ್ತಿಲ್ಲ, ಪ್ರಶ್ನಾವಳಿಯಲ್ಲಿ ಒಂದೇ ಪ್ರಶ್ನೆ, ಸಂಶೋಧಕ ಉತ್ತರವನ್ನು ಮೊದಲೇ ಬಯಸಿದ್ದಾನೆ. ಇಂದಿನ ಯಾವ ವಿಶ್ವವಿದ್ಯಾಲಯದಲ್ಲಾದರೂ ಇದಕ್ಕೆ ಡಾಕ್ಟರೇಟ್ ಗ್ಯಾರಂಟಿ. ವಿಯೆಟ್ನಾಂ ಮೂಲದ ತೋಟದ ಕೆಲಸಗಾರ ನ್ಗೋ ಮಾತ್ರ ಹೌದು, ಇಲ್ಲ ಎನ್ನದೆ ತನ್ನ ಊರಿನ ಹುಲಿಯ ಕಥೆ ಹೇಳಿದ. ಅಂಥ ಉತ್ತರವನ್ನು ಕೋಷ್ಟಕದ ಯಾವ ಕಂಬಕ್ಕೆ ಸೇರಿಸಬೇಕೆಂಬ ಸಮಸ್ಯೆ ಇಂದಿಗೂ ಬಗೆಹರಿದಿಲ್ಲ.

ರಾಜಕೀಯ ಹಂತಕನೊಬ್ಬ ಎಂದಾದರೂ ಸರಿಯಾಗಿರಬಹುದೇ, ಅವನನ್ನೇ ಕಾದಂಬರಿಯ ಒಳ್ಳೆಯವನನ್ನಾಗಿ ಮಾಡಬಹುದೇ ಎಂಬ ಕುತೂಹಲದಿಂದ ಈ ಪುಸ್ತಕ ಹುಟ್ಟಿತೆಂದು ಕಿಂಗ್ ತಮ್ಮ ‘ಆನ್ ರೈಟಿಂಗ್’ (2000) ಎಂಬ ಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಕೆನೆಡಿ ಸಹೋದರರಲ್ಲಿ ಇಬ್ಬರು ಗುಂಡಿಗೆ ಬಲಿಯಾದದ್ದನ್ನು ಕಣ್ಣಾರೆ ಕಂಡ ದೇಶದಲ್ಲಿ ಅದು ಸಣ್ಣ ಕುತೂಹಲವಲ್ಲ. ಪ್ರಬಂಧಕಾರ ಅದೇ ಪ್ರಶ್ನೆಯನ್ನು ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪ್ರಯೋಗಿಸಿದ. ಹೋಳಿಗೆ ಬರುವವರೆಗೆ ಇಡೀ ಸಾಲು ಹತ್ಯೆಯ ಪರ. ಹೋಳಿಗೆಯ ಮೇಲೆ ತುಪ್ಪ ಬಿದ್ದಾಗ ‘ಆದರೂ’ ಎಂಬ ಪದ ಕೇಳಿಬಂತು. ಮೊಸರನ್ನದ ಹೊತ್ತಿಗೆ ‘ಅವನನ್ನು ಕೂರಿಸಿಕೊಂಡು ಯಾರಾದರೂ ಬುದ್ಧಿ ಹೇಳಬೇಕಿತ್ತು’ ಎಂಬಲ್ಲಿಗೆ ಮುಟ್ಟಿತ್ತು. ಕಾದಂಬರಿ ಓದುಗರೂ ಹೀಗೆಯೇ. ಕೊಲ್ಲಲಿ ಎಂದು ಮುನ್ನೂರು ಪುಟ ಕಾದವರು ಗುಂಡು ತಪ್ಪಿದಾಗ ಸಮಾಧಾನದ ಉಸಿರು ಬಿಟ್ಟು, ಆಮೇಲೆ ‘ಲೇಖಕರಿಗೆ ಧೈರ್ಯ ಸಾಲದು’ ಎನ್ನುತ್ತಾರೆ.

ಸ್ಟಿಲ್ಸನ್ ಯಾರು?

ತಲೆಗೆ ಕೂಲಿಯವರ ಹೆಲ್ಮೆಟ್ಟು, ಸಭೆಯಲ್ಲಿ ಜನರತ್ತ ಹಾಟ್‌ಡಾಗ್ ಎಸೆಯುವ ಉತ್ಸಾಹ, ಕಾವಲಿಗೆ ಮೋಟಾರ್‌ಬೈಕಿನ ಪುಂಡರು. ಇದು ಸ್ಟಿಲ್ಸನ್. ಮತದಾರರಿಗೆ ಅವನ ವೇಷ ತಮಾಷೆಯಾಗಿ ಕಾಣುತ್ತದೆ. ಅವನು ಹಿಂದೊಮ್ಮೆ ನಾಯಿಯೊಂದನ್ನು ಒದ್ದು ಕೊಂದದ್ದು ಓದುಗನಿಗೆ ಮಾತ್ರ ಗೊತ್ತು. 2016ರ ಅಮೆರಿಕದ ಚುನಾವಣೆಯ ಸುಮಾರಿಗೆ ಅನೇಕ ಓದುಗರು ಹಳೆಯ ಪ್ರತಿ ಧೂಳು ಕೊಡವಿ ‘ಇದರಲ್ಲಿರುವುದು ಡೊನಾಲ್ಡ್ ಟ್ರಂಪ್’ ಎಂದರು. ಆ ಹೋಲಿಕೆಯನ್ನು ಕಿಂಗ್ ಅವರೂ ಸಂದರ್ಶನಗಳಲ್ಲಿ ಆಡಿದ್ದಾರೆ. ಒಪ್ಪದವರು ಸ್ಟಿಲ್ಸನ್‌ಗೆ ಬೇರೆ ಹೆಸರು ಸೂಚಿಸುತ್ತಾರೆ. ಪ್ರತಿಯೊಬ್ಬ ಓದುಗನಿಗೂ ಅವನು ಎದುರು ಪಕ್ಷದಲ್ಲೇ ಕಾಣುತ್ತಾನೆ. ತನ್ನ ಪಕ್ಷದಲ್ಲಿ ಕಂಡ ಓದುಗ ಸಿಕ್ಕರೆ ಅವನ ಪ್ರತಿಗೆ ಗ ಎಂಬ ಅಕ್ಷರವನ್ನು ಕಾದಿರಿಸಲಾಗಿದೆ.

ವ್ಯಾಖ್ಯಾನದ ಈ ಮಾರ್ಗ ನಮಗೆ ಅಪರಿಚಿತವಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಮಳೆಗೋ ಬೆಳೆಗೋ ಸರ್ಕಾರಕ್ಕೋ ಎಂಬ ಅರ್ಥವನ್ನು ಕೇಳಿದವರು ವರ್ಷವಿಡೀ ಹಚ್ಚಿಕೊಳ್ಳುತ್ತಾರೆ. ಗೊರವ ಒಂದು ಸಾಲಿನಲ್ಲಿ ಮುಗಿಸಿದ್ದಕ್ಕೆ ಕಿಂಗ್ ನಾನೂರಕ್ಕೂ ಹೆಚ್ಚು ಪುಟ ತೆಗೆದುಕೊಂಡಿದ್ದಾರೆ. ಮಂದಗತಿವಾದಿಗಳು ಈ ಅಂಶವನ್ನು ಗಮನಿಸಬೇಕಾಗಿ ವಿನಂತಿ.

ಇನ್ನೊಂದು ಗುಟ್ಟನ್ನು ಇಲ್ಲೇ ಹೇಳಿಬಿಡಬೇಕು. ಕಾದಂಬರಿಯಲ್ಲಿ ಜಾನಿ ಜಿಮ್ಮಿ ಕಾರ್ಟರ್ ಅವರ ಕೈಯನ್ನೂ ಕುಲುಕುತ್ತಾನೆ. ಈ ಮನುಷ್ಯ ಅಧ್ಯಕ್ಷನಾಗುತ್ತಾನೆಂದು ಅವನಿಗೆ ಹೊಳೆಯುತ್ತದೆ. ಎಂಥ ದಿವ್ಯದೃಷ್ಟಿ! ಆದರೆ ಪುಸ್ತಕ ಅಂಗಡಿಗೆ ಬಂದ 1979ರಲ್ಲಿ ಕಾರ್ಟರ್ ಆ ಕುರ್ಚಿಯಲ್ಲಿ ಕುಳಿತು ಎರಡು ವರ್ಷ ದಾಟಿತ್ತು. ಅಂದರೆ ನೀಲಿ ಬಾಲ್‌ಪೆನ್ನು ಕಿಂಗ್ ಅವರ ಬಳಿಯೂ ಇತ್ತು.

ಹತ್ತೊಂಬತ್ತರ ಸಂಖ್ಯಾಶಾಸ್ತ್ರ

ಜಾನಿ ಅದೃಷ್ಟಚಕ್ರದಲ್ಲಿ ಕೊನೆಯ ಸಲ ಹಣ ಕಟ್ಟಿ ಗೆದ್ದದ್ದು 19ರ ಮೇಲೆ. ಮುಂದೆ ‘ದಿ ಡಾರ್ಕ್ ಟವರ್’ ಮಾಲೆಯ ಕೊನೆಯ ಸಂಪುಟಗಳಲ್ಲಿ ಕಿಂಗ್ ಇದೇ ಸಂಖ್ಯೆಯನ್ನು ಎಲ್ಲೆಡೆ ಚೆಲ್ಲಿದರು. 1999ರ ಜೂನ್ 19ರಂದು ಮೇನ್‌ನ ರಸ್ತೆ ಬದಿಯಲ್ಲಿ ನಡೆದುಹೋಗುತ್ತಿದ್ದ ಅವರಿಗೆ ವ್ಯಾನ್ ಗುದ್ದಿ ಸಾವಿನ ಅಂಚಿಗೆ ಹೋಗಿ ಬಂದರು. ಸಂಖ್ಯಾಪಂಥದ ಓದುಗರಿಗೆ ಇಷ್ಟು ಸಾಕು. ಪ್ರಕಟಣೆಯ ವರ್ಷದ ಮೊದಲ ಎರಡು ಅಂಕಿಗಳೂ ಹತ್ತೊಂಬತ್ತೇ ಎಂಬುದನ್ನು ಅವರ ಗಮನಕ್ಕೆ ತರಲು ಪ್ರಬಂಧಕಾರ ಹರ್ಷಿಸುತ್ತಾನೆ. ಆ ಶತಮಾನದಲ್ಲಿ ಅಚ್ಚಾದ ಬಹುತೇಕ ಎಲ್ಲ ಪುಸ್ತಕಗಳಿಗೂ ಹೀಗೇ ಆಗಿದೆ. ಸಂಚು ಎಷ್ಟು ವಿಸ್ತಾರವಾಗಿದೆ ನೋಡಿ.

ಸಿದ್ಧಾಂತ

ಕಿಂಗ್ ಸಾಮಾನ್ಯವಾಗಿ ಕಥೆಯನ್ನು ಮೊದಲೇ ಹೊಸೆದಿಟ್ಟುಕೊಂಡು ಬರೆಯುವವರಲ್ಲ. ಹಾಗೆ ಹೊಸೆದು ಬರೆದವುಗಳಲ್ಲಿ ತಮಗೆ ನಿಜವಾಗಿ ಮೆಚ್ಚುಗೆಯಾದದ್ದು ‘ದಿ ಡೆಡ್ ಜೋನ್’ ಒಂದೇ ಎಂದು ಮೇಲೆ ಹೇಳಿದ ಗ್ರಂಥದಲ್ಲಿಯೇ ಬರೆದಿದ್ದಾರೆ. ಆದ್ದರಿಂದ ‘ನನಗೆ ಮೊದಲೇ ಗೊತ್ತಿತ್ತು’ ಎಂಬ ವಾಕ್ಯವನ್ನು ಈ ಪುಸ್ತಕದ ಮಟ್ಟಿಗೆ ಹೇಳುವ ಅಧಿಕಾರ ಲೋಕದಲ್ಲಿ ಒಬ್ಬರಿಗಿದೆ. ಆ ಒಬ್ಬರು ಅದನ್ನು ಸಂಕೋಚದಿಂದ, ಉಳಿದ ಪುಸ್ತಕಗಳ ಬಗ್ಗೆ ಕ್ಷಮೆ ಕೇಳುವ ಧಾಟಿಯಲ್ಲಿ ಹೇಳಿದ್ದಾರೆ. ಮಿಕ್ಕವರೆಲ್ಲ ಎದೆ ತಟ್ಟಿ ಹೇಳುತ್ತಾರೆ.

ಅನುಬಂಧ: ಹೊಸದಾಗಿ ದೊರೆತ ಘ ಪ್ರತಿ

ಪ್ರಬಂಧ ಅಚ್ಚಿಗೆ ಹೋಗುವ ಮುನ್ನ ಫುಟ್‌ಪಾತಿನ ರಾಶಿಯೊಂದರಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಕೊನೆಯ ಹಾಳೆಗಳೆಲ್ಲ ಲುಪ್ತ. ಜಾನಿ ಬಂದೂಕು ಕೊಳ್ಳುವಲ್ಲಿಗೆ ಗ್ರಂಥ ನಿಲ್ಲುತ್ತದೆ. ಉಳಿದ ರಟ್ಟಿನ ಒಳಬದಿಯಲ್ಲಿ ಅಜ್ಞಾತ ಓದುಗನೊಬ್ಬ ದುಂಡಗಿನ ಅಕ್ಷರಗಳಲ್ಲಿ ಕಥೆಯನ್ನು ಪೂರ್ತಿಗೊಳಿಸಿದ್ದಾನೆ. ಅದರ ಪ್ರಕಾರ ಬಂದೂಕು ಕೆಟ್ಟುಹೋಗಿ ಜಾನಿ ಮನೆಗೆ ವಾಪಸಾಗುತ್ತಾನೆ. ತಲೆನೋವು ಕಷಾಯದಿಂದ ಗುಣವಾಗುತ್ತದೆ. ಸ್ಟಿಲ್ಸನ್ ಚುನಾವಣೆಯಲ್ಲಿ ಡಿಪಾಸಿಟ್ ಕಳೆದುಕೊಳ್ಳುತ್ತಾನೆ. ಸಾರಾಳ ಗಂಡನಿಗೆ ದೂರದ ಊರಿಗೆ ವರ್ಗವಾಗುತ್ತದೆ, ಅವನೊಬ್ಬನಿಗೇ. ಪಕ್ಕದಲ್ಲಿ ಅಭಿಪ್ರಾಯ: ‘ತುಂಬಾ ಚೆನ್ನಾಗಿದೆ. ಹೀಗೇ ಆಗುತ್ತದೆಂದು ಗೊತ್ತಿತ್ತು.’

ನಮ್ಮ ಸಮಗ್ರ ಆಕರದಲ್ಲಿ ಈ ಮಾತನ್ನು ಸುಳ್ಳಾಡದೆ ಬರೆದ ಓದುಗ ಇವನೊಬ್ಬನೇ. ಪಾಠ ಪರಿಷ್ಕರಣೆಯ ದೃಷ್ಟಿಯಿಂದ ಪ್ರತಿಯನ್ನು ಕೊಳ್ಳಲೇಬೇಕಾಯಿತು. ಕೊನೆಯ ಹಾಳೆಗಳಿಲ್ಲದ್ದಕ್ಕೆ ಬೆಲೆ ಕಡಿಮೆ ಮಾಡೆಂದು ಪ್ರಬಂಧಕಾರ ಕೇಳಿದ. ಅಂಗಡಿಯವನು ಪುಸ್ತಕವನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿದ.

‘ಸಸ್ಪೆನ್ಸ್ ಪುಸ್ತಕ ಅಲ್ವಾ ಸಾರ್? ಕೊನೇದೂ ಗೊತ್ತಾಗ್ಬಿಟ್ರೆ ಅದ್ಹೆಂಗೆ ಸಸ್ಪೆನ್ಸು? ಫುಲ್ ರೇಟೇ ಆಗುತ್ತೆ.’